ಪೆಟ್ಟಿಗೆಯ ಕಾಡು, ಖಳನಾದ ಬಾವಲಿ

ಜಪಾನಿನ ಎಪೋಕ್ ಕಂಪನಿಯು 1985ರಲ್ಲಿ ‘ಸಿಲ್ವೇನಿಯನ್ ಫ್ಯಾಮಿಲೀಸ್’ ಎಂಬ ಆಟಿಕೆಗಳ ಸರಣಿಯನ್ನು ಮಾರುಕಟ್ಟೆಗೆ ತಂದಿತು. ಲ್ಯಾಟಿನ್ ಭಾಷೆಯಲ್ಲಿ ‘ಸಿಲ್ವಾ’ ಎಂದರೆ ಕಾಡು. ಮೊಲ, ಕರಡಿ, ಅಳಿಲುಗಳ ಪುಟ್ಟ ಪ್ಲಾಸ್ಟಿಕ್ ಬೊಂಬೆಗಳು. ಮೈಮೇಲೆ ಮಖಮಲ್ಲಿನಂಥ ನವಿರು ರೋಮ, ಅದರ ಮೇಲೆ ಮನುಷ್ಯರ ಉಡುಪು. ನಾಲ್ಕು ದಶಕ ಕಳೆದರೂ ಅವುಗಳ ಮಾರಾಟ ನಿಂತಿಲ್ಲ. ಬೊಂಬೆಯ ಅಂದವನ್ನು ಹಳಿಯುವುದು ನ್ಯಾಯವಲ್ಲ. ಅದಕ್ಕೆ ಬ್ಯಾಟರಿ ಬೇಡ, ಗದ್ದಲವಿಲ್ಲ, ಕೈಯಲ್ಲಿ ಬಂದೂಕೂ ಇಲ್ಲ. ತಕರಾರು ಇರುವುದು ಹೆಸರಿನಲ್ಲಿರುವ ಕಾಡಿನ ಬಗ್ಗೆ.

ಈ ಕಾಡಿನಲ್ಲಿ ಕಾಡು ಎಲ್ಲಿದೆ? ಕೆಂಪು ಮಾಡಿನ ಮನೆ, ಅಂಗಡಿ, ಮೋಟಾರು, ಊಟದ ಮೇಜು, ತೊಟ್ಟಿಲು ಎಲ್ಲವೂ ಇವೆ. ಒಂದೊಂದಕ್ಕೂ ಬೇರೆ ಪೆಟ್ಟಿಗೆ, ಬೇರೆ ಬೆಲೆ. ಮೊಲದ ಸಂಸಾರವನ್ನು ಕೊಂಡ ಮಗುವಿಗೆ ಕರಡಿಯ ಸಂಸಾರ ಬಾಕಿ ಉಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮರಿಬೊಂಬೆಗಳನ್ನು ಒಳಗೇನಿದೆಯೆಂದು ಕಾಣದ ಚೀಲಗಳಲ್ಲಿಟ್ಟು ಮಾರಲಾಗುತ್ತಿದೆ. ಬೇಕಾದದ್ದು ಸಿಗುವ ತನಕ ಮತ್ತೊಂದು ಚೀಲ ಹರಿಯಬೇಕು. 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ರಾಜ್ಯದ ಜನರಿಗೆ ಈ ವ್ಯಾಪಾರದ ಮರ್ಮವನ್ನು ವಿವರಿಸಬೇಕಿಲ್ಲ. ಹರಿದ ಚೀಲ, ಬೇಡವಾದ ಬೊಂಬೆ ಎರಡೂ ಮಣ್ಣಿನಲ್ಲಿ ಕರಗುವಂಥವಲ್ಲ.

ಇವುಗಳ ಅಮೆರಿಕದ ಹೆಸರು ‘ಕ್ಯಾಲಿಕೊ ಕ್ರಿಟರ್ಸ್’. ಮರಿಬೊಂಬೆಗಳ ಜೊತೆ ಬರುತ್ತಿದ್ದ ಕಿರುಬೆರಳ ತುದಿಯಷ್ಟು ಹಾಲಿನ ಬಾಟಲಿ ಹಾಗೂ ಬಾಯಿಚೀಪುಗಳ ಕಾರಣದಿಂದ 2023ರ ಮಾರ್ಚ್‌ನಲ್ಲಿ ಆ ದೇಶದಲ್ಲಿ ಸುಮಾರು 32 ಲಕ್ಷ ಆಟಿಕೆಗಳನ್ನು ಹಿಂಪಡೆಯುವ ಪ್ರಕಟಣೆ ಹೊರಟಿತು. ಅಷ್ಟರಲ್ಲಿ ನ್ಯೂ ಮೆಕ್ಸಿಕೊದ ಎರಡು ವರ್ಷದ ಮಗುವೊಂದು, ಜಪಾನಿನ ಒಂಬತ್ತು ತಿಂಗಳ ಕೂಸೊಂದು ಜೀವ ಕಳೆದುಕೊಂಡಿದ್ದವು. ಆ ಬಿಡಿಭಾಗಗಳನ್ನು 2000ದಿಂದ 2021ರವರೆಗೆ ಮಾರಲಾಗಿತ್ತು. ಗ್ರಾಹಕರಿಗೆ ಸೂಚಿಸಲಾದ ಪರಿಹಾರ: ಉಚಿತವಾಗಿ ಬದಲಿ ಬಿಡಿಭಾಗ!

ಇನ್ನು ಕಾರ್ಟೂನಿನ ಕಥೆ. ಮಕ್ಕಳ ಕಾರ್ಯಕ್ರಮಗಳಲ್ಲಿನ ಜಾಹೀರಾತಿಗಿದ್ದ ಮಿತಿಯನ್ನು ಅಮೆರಿಕದ ಸಂಪರ್ಕ ಆಯೋಗವು 1984ರಲ್ಲಿ ತೆಗೆದುಹಾಕಿತು. ಆಟಿಕೆಗಳನ್ನೇ ನಾಯಕರನ್ನಾಗಿಸಿದ ಕಾರ್ಟೂನುಗಳು ದೂರದರ್ಶನವನ್ನು ತುಂಬಿದ ಆ ಕಾಲದಲ್ಲೇ, 1987ರಲ್ಲಿ, ಸಿಲ್ವೇನಿಯನ್ ಬೊಂಬೆಗಳೂ 13 ಕಂತುಗಳಲ್ಲಿ ತೆರೆಗೆ ಬಂದವು. 1990ರ ಕಾಯಿದೆಯು ಮಕ್ಕಳ ಕಾರ್ಯಕ್ರಮಗಳ ಜಾಹೀರಾತನ್ನು ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ, ಉಳಿದ ದಿನ ಹನ್ನೆರಡು ನಿಮಿಷಕ್ಕೆ ಇಳಿಸಿತು. ಕಾರ್ಯಕ್ರಮವೇ ಜಾಹೀರಾತಾಗಿರುವಾಗ ನಿಮಿಷ ಎಣಿಸಿ ಫಲವೇನು?

ಆ ಕಾರ್ಟೂನಿನಲ್ಲಿ ಮುದ್ದು ಪ್ರಾಣಿಗಳ ನೆಮ್ಮದಿ ಕೆಡಿಸುವ ಖಳ ಯಾರೆಂಬುದನ್ನು ಮಲೆನಾಡಿನವರು ಗಮನಿಸಬೇಕು. ‘ಪ್ಯಾಕ್‌ಬ್ಯಾಟ್’ ಎಂಬ ಬಾವಲಿ. ಜೊತೆಗಾರನಾಗಿ ಒಂದು ಮೊಸಳೆ. ರೋಮದ ಮೊಲ ಒಳ್ಳೆಯದು, ಚರ್ಮದ ರೆಕ್ಕೆಯದು ಕೆಟ್ಟದ್ದು ಎಂಬ ಪಾಠ ಅಕ್ಷರ ಕಲಿಯುವ ಮೊದಲೇ ಮಗುವಿನ ತಲೆಗೆ ಇಳಿಯುತ್ತದೆ. ಆದರೆ ಅತ್ತಿ, ಆಲದ ಬೀಜಗಳನ್ನು ಮೈಲುಗಟ್ಟಲೆ ಹೊತ್ತು ಬೋಳುಗುಡ್ಡಕ್ಕೆ ಬಿತ್ತುವುದು ಬಾವಲಿ. ಇರುಳಿನಲ್ಲಿ ಹಿಪ್ಪೆಯ ಹೂವಿಗೆ ಪರಾಗ ಮುಟ್ಟಿಸುವುದೂ ಅದೇ. ತೋಟದ ಹಣ್ಣನ್ನು ಅದು ತಿನ್ನುವುದು ಸುಳ್ಳಲ್ಲ. ಆ ನಷ್ಟವನ್ನು ಲೆಕ್ಕ ಹಾಕುವವರು ಲಾಭವನ್ನೂ ಲೆಕ್ಕಕ್ಕೆ ಹಿಡಿಯಲಿ.

ಈ ಪೂರ್ವಗ್ರಹ ಬೊಂಬೆಯ ಅಂಗಡಿಗೆ ಸೀಮಿತವಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳೊಡನೆ ಪೀಡಕ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ಬೆಳಗಾವಿ ಸೀಮೆಯ ಬಾರಪೇಡೆ ಗುಹೆಯಿಂದ 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್‌ನ ಬಾವಲಿ ಇಂದಿಗೂ ಭೀಮಗಡದ ಕಾಡಿನ ನಡುವೆ ಉಳಿದಿದೆ. ಅದರ ಸುತ್ತ 2011ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಊರಂಚಿನಲ್ಲಿ ಬಾವಲಿಗಳು ಜೋತುಬೀಳುವ ಹಳೆಯ ಮರಗಳಿಗಾದರೋ ಅಂಥ ಆಸರೆಯಿಲ್ಲ. ಮಲೆನಾಡಿನ ಶಾಲೆಗಳ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ತಮ್ಮೂರಿನ ಅಂಥ ಮರಗಳನ್ನು ಗುರುತಿಸಿ, ಅವುಗಳಿಗೆ ಕೊಡಲಿ ಬೀಳದಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಬೇಕು.