ಪತ್ರೆಯ ಗಿಡಕ್ಕೆ ಹುಳು ಬಿದ್ದಾಗ



ಹಿತ್ತಲಲ್ಲಿ ಒಂದು ಬಿಲ್ವ, ಒಂದು ಕರಿಬೇವು, ಬಚ್ಚಲ ಬದಿಗೊಂದು ನಿಂಬೆ; ಇಷ್ಟಿದ್ದರೆ ಪೂಜೆಗಾಗಲಿ ಅಡುಗೆಗಾಗಲಿ ನೆರೆಮನೆಯ ಕದ ತಟ್ಟಬೇಕಾಗಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿದ ಬಿಲ್ವವು ಹೊಸದಾಗಿ ಚಿಗುರಿ ಶ್ರಾವಣದ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಆದರೆ ನಿನ್ನೆ ಮೂರೆಲೆ ಬಿಚ್ಚಿದ್ದ ಕುಡಿ ಇಂದು ಬರಿಯ ಕಡ್ಡಿಯಾಗಿರುವುದನ್ನು ಕಂಡು ಎಷ್ಟೋ ತಾಯಂದಿರು ಮರುಗುವುದುಂಟು. ಈ ಸಲ ಅದೇ ವಿಚಾರವನ್ನು ನೋಡೋಣ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿನ ಎಳೆಯ ಪತ್ರೆ ಗಿಡಕ್ಕೆ ಹುಳು ಬಿದ್ದಿತು. ಹೊಲಕ್ಕೆಂದು ತಂದ ಔಷಧಿ ಮನೆಯಲ್ಲಿ ಉಳಿದಿತ್ತು. ಹಿಂದುಮುಂದು ನೋಡದೆ ಸಿಂಪಡಿಸಿಬಿಟ್ಟೆವು. ಹುಳುಗಳೇನೋ ಸತ್ತವು. ಮರುದಿನ ಸೋಮವಾರ. ತಾಯಿಯವರು ಬುಟ್ಟಿ ಹಿಡಿದು ಗಿಡದ ಮುಂದೆ ನಿಂತು, "ತಮ್ಮಾ, ಈ ಪತ್ರಿ ಲಿಂಗಕ್ಕ ಏರಸಬೌದೇನು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನ ಪೂಜೆ ಪತ್ರೆಯಿಲ್ಲದೆ ನಡೆಯಿತು. ಪಕ್ಕದ ಕರಿಬೇವನ್ನೂ ಬಹುದಿನ ಯಾರೂ ಮುಟ್ಟಲಿಲ್ಲ.

ಅನಂತರ ತಿಳಿದುಕೊಂಡ ಸಂಗತಿಯೆಂದರೆ, ಬಿಲ್ವ, ಕರಿಬೇವು, ನಿಂಬೆ ಈ ಮೂರೂ ಒಂದೇ ಕುಟುಂಬದ ಸಸ್ಯಗಳು. ಆದುದರಿಂದಲೇ ಮೂರಕ್ಕೂ ಬೀಳುವ ಹುಳು ಬಹುಮಟ್ಟಿಗೆ ಒಂದೇ: ನಿಂಬೆ ಚಿಟ್ಟೆಯ ಮರಿ. ಹಳದಿ ಮಚ್ಚೆಯ ಕಪ್ಪು ರೆಕ್ಕೆಯ ಆ ಚಿಟ್ಟೆಯು ಎಳೆಯ ಎಲೆಗಳ ಮೇಲೆ ಒಂದೊಂದಾಗಿ ತಿಳಿಹಳದಿ ತತ್ತಿ ಇಡುತ್ತದೆ. ಚಿಕ್ಕ ಮರಿ ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ನಮ್ಮ ಕಣ್ಣಿಗೂ ಹಕ್ಕಿಯ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳುತ್ತದೆ. ಬಲಿತಾಗ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೋಡನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಹೆದರಬೇಕಾಗಿಲ್ಲ, ಅದು ಕಚ್ಚುವುದಿಲ್ಲ.

ಮಾಡಬೇಕಾದದ್ದಿಷ್ಟು. ಗಿಡ ಆಳೆತ್ತರ ಮೀರಿ ಬೆಳೆದಿದ್ದರೆ ಏನನ್ನೂ ಮಾಡದೆ ಬಿಡಬಹುದು. ನಾಲ್ಕು ಕುಡಿ ಹೋದರೂ ಅದು ಮತ್ತೆ ಚಿಗುರುತ್ತದೆ. ಹುಳುಗಳನ್ನು ಹಕ್ಕಿ, ಓತಿಕೇತ, ಕಣಜಗಳು ನೋಡಿಕೊಳ್ಳುತ್ತವೆ. ಕಾಪಾಡಬೇಕಾದದ್ದು ಎಳೆಯ ಸಸಿಯನ್ನು. ಚಿಗುರುವ ಕಾಲದಲ್ಲಿ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಗಳನ್ನು ತಿರುವಿ ನೋಡಿ, ಹುಳುವನ್ನು ಎಲೆಸಹಿತ ತೆಗೆಯಿರಿ. ಕೊಲ್ಲಲು ಮನಸ್ಸು ಬಾರದವರು ದೊಡ್ಡ ಬಿಲ್ವ ಅಥವಾ ನಿಂಬೆಯ ಮರಕ್ಕೆ ಬಿಡಬಹುದು. ಬೇರೆ ಜಾತಿಯ ಗಿಡಕ್ಕೆ ಬಿಟ್ಟರೆ ಅವು ಉಪವಾಸ ಸಾಯುತ್ತವೆ.

ಕೈಯಿಂದ ಆಗದಷ್ಟು ಹೆಚ್ಚಿದ್ದರೆ ಬೇವಿನ ಬೀಜದ ಕಷಾಯ ಸಾಕು. ಒಣಗಿದ ಬೇವಿನ ಬೀಜವನ್ನು ಕುಟ್ಟಿ, 50 ಗ್ರಾಂ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಡಿ. ಮರುದಿನ ಗಂಟನ್ನು ಹಿಂಡಿ, ಸೋಸಿ, ಎಲೆಗೆ ಅಂಟಿಕೊಳ್ಳಲು ಚೂರು ಸಾಬೂನು ಕರಗಿಸಿ, ಅಂದೇ ಸಂಜೆ ಸಿಂಪಡಿಸಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕುಂದುವುದರಿಂದ ಸಂಜೆಯೇ ಒಳ್ಳೆಯದು. ಪೂಜೆಗೆ, ಒಗ್ಗರಣೆಗೆ ಬೇಕಾದ ಎಲೆಗಳನ್ನು ಸಿಂಪಡಿಸುವ ಮೊದಲೇ ಕೊಯ್ದಿಡಿ. ಮುಂದೆ ನಾಲ್ಕಾರು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ.

ಕರಿಬೇವಿನ ಎಲೆ ಜಿಗುಟಾಗಿ, ಮಸಿ ಬಳಿದಂತೆ ಕಪ್ಪಾಗಿ, ಕಾಂಡದ ಮೇಲೆ ಇರುವೆಗಳ ಸಾಲು ಹರಿದಿದ್ದರೆ, ಅದು ಈ ಹುಳುವಿನ ಕೆಲಸವಲ್ಲ. ಎಲೆಯ ಕೆಳಗೆ ರಸ ಹೀರುವ ಹೇನಿನಂಥ ಕೀಟಗಳಿರುತ್ತವೆ. ಅವು ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳು ಬರುವುದೂ ಆ ಸಿಹಿಗಾಗಿಯೇ. ಬೆಳಗಿನ ಹೊತ್ತು ಎಲೆಯ ಕೆಳಭಾಗಕ್ಕೆ ರಭಸದಿಂದ ನೀರು ಹೊಡೆಯಿರಿ. ತೀರ ಮುತ್ತಿದ ಕುಡಿಗಳನ್ನು ಕತ್ತರಿಸಿ ತೆಗೆಯಿರಿ.

ಇನ್ನು, ಹುಳುವೇ ಇಲ್ಲದೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ, ಬುಡದ ಮಣ್ಣನ್ನು ಕೆದಕಿ ನೋಡಿ. ಹೊಸ ಮನೆ ಕಟ್ಟಿದವರು ಸುಣ್ಣ, ಸಿಮೆಂಟಿನ ಅವಶೇಷಗಳನ್ನು ಗೋಡೆಯ ಬದಿಗೇ ಹೂಳಿಸಿರುತ್ತಾರೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಹಿಂದೆ ಬಚ್ಚಲ ನೀರೆಂದರೆ ಸೀಗೆಕಾಯಿ, ಕಡಲೆಹಿಟ್ಟಿನ ನೀರು. ಇಂದು ಸೋಪಿನ ಪುಡಿಯ ನೀರು. ಅದು ದಿನವೂ ಬುಡದಲ್ಲಿ ನಿಂತರೂ ಕೆಡುಕೇ. ಅವಶೇಷಗಳನ್ನು ಎತ್ತಿಸಿ, ನೀರಿನ ದಾರಿ ತಿರುಗಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ.

ಕಡೆಯದಾಗಿ, ಬೆಳೆಗೆ ಹೊಡೆಯುವ ವಿಷದ ಡಬ್ಬಿಯನ್ನು ಮನೆಯೊಳಗೆ ಇಡಬೇಡಿ. ಖಾಲಿಯಾದ ಡಬ್ಬಿಯನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸುವ ಉಳಿತಾಯ ಖಂಡಿತ ಬೇಡ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಮಧ್ಯಾಹ್ನದ ಊಟದಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿ 23 ಮಕ್ಕಳು ಪ್ರಾಣ ಬಿಟ್ಟರು. ಅನ್ನವನ್ನು ಪ್ರಸಾದವೆಂದು ಕಾಣುವ ನಾವು ಇದನ್ನು ಮರೆಯಬಾರದು.

ದಯೆಯನ್ನೂ ದಾಸೋಹವನ್ನೂ ಕಲಿಸಿದ ಶರಣರ ಮಾರ್ಗದಲ್ಲಿ ನಡೆಯುವ ಮನೆಗೆ ಹಿತ್ತಲೂ ಹೊರತಲ್ಲ. ಗಿಡಕ್ಕೆ ಏನನ್ನಾದರೂ ಹಾಕುವ ಮುನ್ನ ನಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ತಾವೂ ಒಮ್ಮೆ ಕೇಳಿಕೊಳ್ಳಿರಿ. ನಮ್ಮ ಆ ಗಿಡ ಈಗ ಮಾಳಿಗೆಯೆತ್ತರ ಬೆಳೆದಿದೆ. ಪ್ರತಿ ವರ್ಷವೂ ಹುಳು ಬೀಳುತ್ತವೆ, ಚಿಟ್ಟೆಯೂ ಹಾರುತ್ತವೆ. ಸೋಮವಾರದ ಬುಟ್ಟಿಗೆ ಪತ್ರೆ ಮಾತ್ರ ಕಡಿಮೆಯಾಗಿಲ್ಲ.