ಕರೆಂಟ್ ಹೋದ್ರೆ ನಮ್ಮ ನಳಕ್ಕ ನೀರು ಬರ್ತದ



ನಿನ್ನೆ ಆಫೀಸ್ ವಾಟ್ಸಾಪ್ ಗ್ರೂಪಿನಾಗ ಒಬ್ಬ ಸಾಹೇಬ್ರು ಒಂದು ಮೆಸೇಜ್ ಹಾಕಿದ್ರು. ಕರೆಂಟ್ ಹೋದಾಗ ಮನೆಯ ನಳ, ಸಂಡಾಸ್ ಹೇಗೆ ಬಳಸಬೇಕು ಅಂತ. ಮೊದಲೇ ಟ್ಯಾಂಕ್ ತುಂಬಿಸಿಡಿ, ಫ್ಲಶ್ ಬದಲು ಬಕೆಟ್ ನೀರು ಒಮ್ಮೆಲೇ ಸುರಿಯಿರಿ, ತೆರೆದ ನಳ ಬಂದ್ ಮಾಡಿ. ಎಲ್ಲಾ ಖರೇನೇ. ಆದ್ರೆ ಇದು ನಮ್ಮ ಕೇರಿಗಳಿಗೆ ಕರೆಂಟ್ ಹೋದಾಗಿನ ಪದ್ಧತಿ ಅಲ್ಲ, ದಿನಾ ಬದುಕೋ ಪದ್ಧತಿ.

ನಾನು ಘಾಟಬೋರಾಳದವನು. ಬೋರಿಂಗ್ ಜಗ್ಗಿ ಅಂಗೈಯಾಗ ಗುಳ್ಳೆ ಏಳಿಸಿಕೊಂಡು ಬೆಳೆದವನು. ಈಗ ಹೇಳೋದು ನಮ್ಮ ಅಕ್ಕನ ಊರಿನ ಮಾತು. ಊರ ಹೆಸರು ಬರೆಯಲ್ಲ, ಅದು ನಿಮ್ಮೂರೂ ಆಗಿರಬಹುದು.

ಹೋದ ಬ್ಯಾಸಗಿಯಾಗ ಅಲ್ಲಿಗೆ ಹೋಗಿದ್ದೆ. ನೀರು ಬಿಟ್ಟು ಅರ್ಧ ತಾಸಾದ್ರೂ ಅಕ್ಕನ ನಳದಾಗ ಹನಿ ಇಲ್ಲ. ನಳದ ಬಾಯಿಗೆ ಅಂಗೈ ಇಟ್ಟೆ, ಒಳಗ ಜಗ್ಗುತಿತ್ತು! ಅಷ್ಟರಾಗ ಕರೆಂಟ್ ಹೋಯ್ತು. ಸ್ವಲ್ಪ ಹೊತ್ತಿಗೆ ನಳ ಕೆಮ್ಮಿತು, ನೀರು ಬಂತು. "ಲೈಟ್ ಹೋಯ್ತು, ಕೊಡ ತರ್ರೀ" ಅಂತ ಕೇರಿ ತುಂಬಾ ಕೂಗು. ಊರೆಲ್ಲ ಕರೆಂಟ್ ಬರಲಿ ಅಂತ ಕಾಯ್ತದ, ಅಕ್ಕನ ಕೇರಿ ಕರೆಂಟ್ ಹೋಗಲಿ ಅಂತ ಕಾಯ್ತದ.

ಇದೇನು ಪವಾಡ ಅಲ್ಲ. ಬೋರ್‌ವೆಲ್‌ನಿಂದ ಊರ ಟ್ಯಾಂಕಿಗೆ ನೀರು ಏರಿಸೋಕ ಕರೆಂಟ್ ಬೇಕು. ಟ್ಯಾಂಕಿನಿಂದ ಇಳಿಯೋಕ ಬೇಡ, ನೀರು ತನ್ನ ಭಾರಕ್ಕೇ ಇಳೀತದ. ಆದ್ರೆ ಪೈಪಿನ ಮೊದಲ ತುದಿಯವರು ನಳಕ್ಕೇ ಮೋಟಾರ್ ಕಟ್ಟಿ ಎಲ್ಲಾ ಜಗ್ಗಿಕೋತಾರ. ಕೊನೇ ತುದಿಯಾಗ ಯಾರ ಕೇರಿ ಅದ ಅಂತ ನಾ ಹೇಳಬೇಕಾ? ಮೋಟಾರ್ ನಿಂತ ಕೂಡ್ಲೆ ನೀರು ತಗ್ಗಿಗೆ ಹರೀತದ. ನೀರಿಗೆ ಜಾತಿ ಇಲ್ಲ, ಮೋಟಾರಿಗೆ ಅದ.

ಈ ಖುಷಿನೂ ಊರ ಟ್ಯಾಂಕ್ ಖಾಲಿ ಆಗೋತನ. ದಿನಗಟ್ಟಲೆ ಕರೆಂಟ್ ಇಲ್ಲಂದ್ರೆ ಮಾಳಿಗಿ ಮೇಲೆ ಟ್ಯಾಂಕ್ ಇದ್ದವರು ಆರಾಮ. ನಮ್ಮವರ ಹತ್ರ ನಾಲ್ಕು ಕೊಡ. ಅದನ್ನ ಕುಡಿಯೋಕ ಇಡಬೇಕೋ, ಸಂಡಾಸಿಗೆ ಸುರಿಬೇಕೋ? ಹೆಣ್ಮಕ್ಳು ಕತ್ತಲಾಗ ಚಂಬು ಹಿಡಕೊಂಡು ಬಯಲಿಗೆ ಹೋಗ್ತಾರ. ಆಮೇಲೆ "ಸರ್ಕಾರ ಸಂಡಾಸ್ ಕಟ್ಟಿಸಿಕೊಟ್ರೂ ಇವರಿಗೆ ಬುದ್ಧಿ ಬರಲಿಲ್ಲ" ಅನ್ನೋ ಮಾತು ಬೇರೆ. ಬುದ್ಧಿ ಅದ ರೀ, ನೀರಿಲ್ಲ.

ಇನ್ನೊಂದು. ಮೋಟಾರ್ ಹಿಂಗ ಜಗ್ಗಿದಾಗ ಗಟಾರದಾಗಿನ ಒಡಕು ಪೈಪಿನಿಂದ ಹೊಲಸೂ ಒಳಗ ಬರ್ತದ. ಅಕ್ಕಂದಿರೇ, ಮೊದಲು ಬರೋ ನೀರು ಕುಡಿಯೋಕ ಹಿಡೀಬೇಡ್ರಿ. ಕಾಸಿ ಕುಡೀರಿ.

ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ಅಂತ ಮುಂಬೈ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. 1924ರಲ್ಲಿ ಮಹಾಡ ಪುರಸಭೆ ಚವದಾರ ಕೆರೆಯನ್ನ ಕಾಗದದ ಮೇಲೆ ತೆರೀತು. ಕಾಗದದಿಂದ ಯಾರ ಬಾಯಾರಿಕೆ ಹೋಗ್ತದ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿಯಬೇಕಾಯ್ತು. ಇವತ್ತೂ ಹಂಗೇ. 2019ರಲ್ಲಿ ಬಂದ ಜಲಜೀವನ ಮಿಷನ್ ತಲೆಗೆ ದಿನಕ್ಕ 55 ಲೀಟರ್ ಅಂತದ. ಅಕ್ಕನ ಮನೆಗೂ ನಳ ಬಂದದ, ಲೆಕ್ಕಕ್ಕ ಸೇರ್ಯದ. ನಾನೂ ಕ್ಲರ್ಕ್. ರಿಜಿಸ್ಟರಿನಾಗ ಟಿಕ್ ಹಾಕೋದು ಎಷ್ಟು ಸರಳ ಅಂತ ನನಗ ಗೊತ್ತದ.

ಪರಿಶಿಷ್ಟರನ್ನ ಸಾರ್ವಜನಿಕ ನಳದಿಂದ ತಡೆದ್ರೆ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ತಡೆಯೋ ಕೈ ಕಾಣಲ್ಲ, ಬಟನ್ ಒತ್ತೋ ಬೆರಳು ಮಾತ್ರ ಅದ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಲೈನಿಗೆ ಕಟ್ಟಿದ ಮೋಟಾರ್ ಜಪ್ತಿ ಮಾಡ್ರಿ. ಕೇರಿಗೆ ಬೇರೆ ವಾಲ್ವ್ ಕೂಡ್ರಿಸಿ ಮೊದಲು ಅಲ್ಲಿಗೆ ನೀರು ಬಿಡ್ರಿ. ಅಲ್ಲೇ ಒಂದು ಟ್ಯಾಂಕ್ ಇಡ್ರಿ. ಕೆಟ್ಟ ಬೋರಿಂಗ್ ರಿಪೇರಿ ಮಾಡ್ರಿ, ಅದಕ್ಕ ಕರೆಂಟೇ ಬೇಡ.

ಅಕ್ಕನ ಕೇರಿಯ ಅರ್ಜಿ ನಾನೇ ಬರೆದೀನಿ, ಗ್ರಾಮಸಭೆಯಾಗ ಕೊಡ್ತೀವಿ. ನೀವೂ ಬರೀರಿ. ಬರೆಯೋ ಮುಂಚೆ ನಾಳೆ ಮುಂಜಾನೆ ನಿಮ್ಮ ಕೇರಿಯ ಕೊನೇ ನಳದ ಬಾಯಿಗೆ ಅಂಗೈ ಇಟ್ಟು ನೋಡ್ರಿ.

ಜೈ ಭೀಮ್.