ಏಳು ದಿನದ ಲೆಕ್ಕ ಎಲ್ಲಿಂದ?

ಸಮನ್ಸ್ ಹಿಡಿದು ಹೋದ ಅಮೀನ ‘ಮನೆಗೆ ಬೀಗ’ ಎಂದು ಷರಾ ಬರೆದು ಮರಳಿದರೆ ಪ್ರತಿವಾದಿಗೆ ನಷ್ಟವೇನಿಲ್ಲ. ವಾದಿಯ ದಾವೆಗೇ ಕುತ್ತು ಬರಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 5ರ ಪ್ರಕಾರ ಸಮನ್ಸ್ ಜಾರಿಯಾಗದೆ ವಾಪಸಾದ ಏಳು ದಿನದೊಳಗೆ ವಾದಿ ಹೊಸ ಸಮನ್ಸ್‌ಗೆ ಅರ್ಜಿ ಹಾಕದಿದ್ದರೆ ದಾವೆ ವಜಾ. ಮೊದಲು ಒಂದು ತಿಂಗಳಿದ್ದ ಈ ಗಡುವು 1999ರ ತಿದ್ದುಪಡಿ ಜಾರಿಗೆ ಬಂದ 2002ರ ಜುಲೈ 1ರಿಂದ ಇಷ್ಟಕ್ಕೆ ಇಳಿದಿದೆ. ಗಡುವು ಚಿಕ್ಕದೆಂಬುದು ನನ್ನ ತಕರಾರಲ್ಲ. ಅದರ ಲೆಕ್ಕ ಶುರುವಾಗುವುದು ಸಮನ್ಸ್ ಮರಳಿದ ವರದಿ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಿನದಿಂದ, ವಾದಿಗೆ ವಿಷಯ ತಿಳಿದ ದಿನದಿಂದಲ್ಲ. ವರದಿ ಕಡತ ಸೇರಿರುತ್ತದೆ, ದಾವೆಯ ಮುಂದಿನ ದಿನಾಂಕ ಇನ್ನೂ ದೂರವಿರುತ್ತದೆ, ಅಷ್ಟರಲ್ಲಿ ಏಳು ದಿನ ಕಳೆದೇ ಹೋಗಿರುತ್ತದೆ.

ದಾವೆ ಹೂಡಿದವನೇ ಅದರ ಬೆನ್ನು ಹತ್ತಬೇಕಲ್ಲವೇ ಎಂಬ ಮಾತು ಸುಳ್ಳಲ್ಲ. ಸಮನ್ಸ್ ಶುಲ್ಕವನ್ನೇ ಕಟ್ಟದವನ ದಾವೆ ವಜಾ ಆದರೆ ಯಾರೂ ಮರುಗಬೇಕಿಲ್ಲ. ಇನ್ನೊಬ್ಬರ ಆಸ್ತಿಯ ಮೇಲೆ ದಾವೆಯ ಕತ್ತಿ ತೂಗುಹಾಕಿ ಸುಮ್ಮನಿರುವವರೂ ಇದ್ದಾರೆ. ವಜಾ ಆದರೂ ಹೊಸ ದಾವೆ ಹೂಡಬಹುದಲ್ಲ ಎಂಬ ಸಮಾಧಾನವೂ ಉಂಟು. ಆದರೆ ಆ ಅವಕಾಶ ಕಾಲಮಿತಿಗೆ ಒಳಪಟ್ಟದ್ದು. ಸಾಲ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಮೂರನೇ ವರ್ಷದ ಕೊನೆಯಲ್ಲಿ ದಾವೆ ಹೂಡಿದವನಿಗೆ ಹೊಸ ದಾವೆಯ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಹೀಗೆ ಸತ್ತ ದಾವೆಯೂ ಇತ್ಯರ್ಥವಾದ ಪ್ರಕರಣಗಳ ಪಟ್ಟಿಗೇ ಸೇರುತ್ತದೆ ಎನ್ನಿ!

ಹಾಗೆಂದು ಸಮನ್ಸ್ ಜಾರಿಯಾಯಿತೆಂದು ಸುಲಭವಾಗಿ ನಂಬಿಬಿಡಿ ಎಂದು ನಾನು ಕೇಳುತ್ತಿಲ್ಲ. ಸಮನ್ಸನ್ನೇ ಕಾಣದವನ ಮೇಲೆ ಏಕಪಕ್ಷೀಯ ಡಿಕ್ರಿ ಆಗುವುದೂ ಅಷ್ಟೇ ದೊಡ್ಡ ಅನ್ಯಾಯ. ಅದನ್ನು ತೆಗೆಸಲು ಡಿಕ್ರಿ ಗೊತ್ತಾದ ದಿನದಿಂದ 30 ದಿನವೆಂದು ಕಾಲಮಿತಿ ಕಾಯ್ದೆ ಎಣಿಸುತ್ತದೆ. ಪ್ರತಿವಾದಿಗೆ ತಿಳಿದ ದಿನ ಲೆಕ್ಕಕ್ಕೆ ಬರುವುದಾದರೆ ವಾದಿಗೆ ಮಾತ್ರ ಏಕೆ ಬಾರದು? ಕಾನೂನು ತಿದ್ದುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಪ್ರತಿವಾದಿ ತಪ್ಪಿಸಿಕೊಳ್ಳುತ್ತಿದ್ದರೆ, ಪ್ರಯತ್ನಪಟ್ಟರೂ ವಿಳಾಸ ಸಿಗದಿದ್ದರೆ ಅಥವಾ ಬೇರೆ ತಕ್ಕ ಕಾರಣವಿದ್ದರೆ ಸಮಯ ವಿಸ್ತರಿಸಲು ಅದೇ ನಿಯಮ ಅನುವು ಮಾಡಿದೆ. ವರದಿ ಬಂದದ್ದೇ ವಾದಿಗೆ ತಿಳಿದಿರಲಿಲ್ಲ ಎಂಬುದೂ ತಕ್ಕ ಕಾರಣವೇ. ಬೇಕೆಂದೇ ಕಣ್ಣುತಪ್ಪಿಸುವವನಿಗೆ ಪತ್ರಿಕಾ ಪ್ರಕಟಣೆಯ ದಾರಿಯಿದೆ. ಪ್ರಕರಣದ ದಿನಾಂಕವನ್ನು ಎಸ್‌ಎಂಎಸ್‌ನಲ್ಲಿ ಕಳಿಸುವ ಇ-ಕೋರ್ಟ್ಸ್ ವ್ಯವಸ್ಥೆಗೆ ‘ಸಮನ್ಸ್ ವಾಪಸಾಗಿದೆ’ ಎಂಬ ಒಂದು ಸಾಲು ಸೇರಿಸುವುದು ಭಾರವಲ್ಲ. ಅದು ಕೈಸೇರಿದ ಮೇಲೂ ವಾದಿ ಏಳು ದಿನ ಸುಮ್ಮನಿದ್ದರೆ ದಾವೆ ವಜಾ ಆಗಲಿ, ನನ್ನ ಅಡ್ಡಿಯಿಲ್ಲ.